ನೋಟಿಸ್ ಬಂದದ್ದು ನಾಯಿಗೆ, ತಪ್ಪಿರುವುದು ಗಿಳಿಯ ಪಂಜರದಲ್ಲಿ

ಪ್ರಶ್ನೆ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಬಾಡಿಗೆಗೆ ಇದ್ದೇವೆ. ಮನೆಯಲ್ಲಿ ಲ್ಯಾಬ್ರಡಾರ್ ನಾಯಿ ಇದೆ. ಮೇಲಿನ ಮನೆಯವರು ದೂರು ಕೊಟ್ಟರೆಂದು ನಿವಾಸಿಗಳ ಸಂಘದವರು ನೋಟಿಸ್ ಕೊಟ್ಟಿದ್ದಾರೆ. ನಾಯಿಯನ್ನು ಲಿಫ್ಟ್‌ನಲ್ಲಿ ಕರೆದೊಯ್ಯಬಾರದಂತೆ, ಒಂದು ತಿಂಗಳೊಳಗೆ ಬೇರೆ ಕಡೆ ಸಾಗಿಸಬೇಕಂತೆ, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡವಂತೆ. ಸರ್ವಸದಸ್ಯರ ಸಭೆಯಲ್ಲಿ ಬಹುಮತದಿಂದ ಹೀಗೆ ನಿರ್ಣಯವಾಗಿದೆ ಎನ್ನುತ್ತಾರೆ. ಅತ್ತೆಯವರು ಊರಿನಿಂದ ತಂದ ಹಸಿರು ಗಿಳಿಯೊಂದು ಬಾಲ್ಕನಿಯಲ್ಲಿದೆ. ಅದರ ಬಗ್ಗೆ ಯಾರದೂ ತಕರಾರಿಲ್ಲ, ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಮಾತನಾಡಿಸಿ ಹೋಗುತ್ತಾರೆ. ಈಗ ಮಗ ಆಮೆ ಬೇಕೆಂದು ಹಟ ಹಿಡಿದಿದ್ದಾನೆ. ಕಾನೂನಿನಲ್ಲಿ ನಮ್ಮ ಸ್ಥಿತಿ ಏನು?

ಉತ್ತರ: ನೀವು ಹೆದರಿರುವುದು ನಾಯಿಯ ವಿಷಯಕ್ಕೆ. ಅಲ್ಲಿ ಕಾನೂನು ಬಹುಮಟ್ಟಿಗೆ ನಿಮ್ಮ ಕಡೆಗಿದೆ. ಯಾರೂ ಚಕಾರ ಎತ್ತದ ಗಿಳಿಯ ವಿಷಯದಲ್ಲಿ ಅದು ನಿಮ್ಮ ವಿರುದ್ಧ ಇದೆ. ಪ್ರಾಣಿ ಸಾಕುವವರ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ವಿಚಿತ್ರ ಇದು. ನೆರೆಹೊರೆಯವರಿಗೆ ಕಿರಿಕಿರಿ ಮಾಡುವ ಪ್ರಾಣಿಯೇ ಕಾನೂನುಬಾಹಿರ, ಎಲ್ಲರಿಗೂ ಮುದ್ದಾದದ್ದು ಕಾನೂನುಬದ್ಧ ಎಂದು ಜನ ತಿಳಿದುಕೊಂಡಿರುತ್ತಾರೆ. ಕಾಯ್ದೆ ನೋಡುವುದೇ ಬೇರೆ ಕಣ್ಣಿನಿಂದ. ಪ್ರಾಣಿ ಕಾಡಿನದೋ ಊರಿನದೋ, ಸಾಕುವವರು ಅದನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬ ಎರಡೇ ಪ್ರಶ್ನೆಗಳ ಮೇಲೆ ಅರ್ಧಕ್ಕರ್ಧ ವಿಷಯ ನಿಂತಿದೆ.

ಮೊದಲು ನೋಟಿಸ್. ಸಾಕುಪ್ರಾಣಿಯನ್ನು ಇಟ್ಟುಕೊಳ್ಳಲೇಬಾರದು ಎಂದು ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ. ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಣಿಯಾಗಿರಲಿ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಆಗಿರಲಿ, ಅದರ ಬೈಲಾ ದೇಶದ ಕಾಯ್ದೆಗಿಂತ ದೊಡ್ಡದಾಗುವುದಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ದೇಶದ ನಿವಾಸಿಗಳ ಸಂಘಗಳನ್ನೇ ಉದ್ದೇಶಿಸಿ ಮಾರ್ಗಸೂಚಿ ಹೊರಡಿಸಿದೆ. ಬಹುಮತವಿದ್ದರೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ, ತಳಿ ಅಥವಾ ಗಾತ್ರ ನೋಡಿ ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳುವಂತಿಲ್ಲ ಎಂದು ಅದರಲ್ಲಿದೆ. ಇದು ಮಾರ್ಗಸೂಚಿಯೇ ಹೊರತು ಶಾಸನವಲ್ಲ ಎಂದು ಸಂಘದ ಕಾರ್ಯದರ್ಶಿ ವಾದಿಸಬಹುದು. ಆ ವಾದದಲ್ಲಿ ಸ್ವಲ್ಪ ಹುರುಳಿದೆ, ಆದರೆ ಅಲ್ಲಿಗೇ ಮಾತು ನಿಲ್ಲುವುದಿಲ್ಲ. 2021ರಲ್ಲಿ ಕೇರಳ ಹೈಕೋರ್ಟ್ ಇಂಥದೇ ಪ್ರಕರಣದಲ್ಲಿ, ನಿವಾಸಿಗಳು ತಮ್ಮ ಮನೆಯಲ್ಲಿ ಪ್ರಾಣಿ ಸಾಕುವುದನ್ನು ತಡೆಯುವ ಸಂಘದ ನಿಯಮಗಳು ಕಾನೂನುಬಾಹಿರ, ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿದೆ. ಬೇರೆ ರಾಜ್ಯದ ಹೈಕೋರ್ಟ್ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೂ ಅದನ್ನು ಹಗುರವಾಗಿ ಬದಿಗೆ ಸರಿಸುವುದೂ ಇಲ್ಲ.

ಇನ್ನು ‘ಬೇರೆ ಕಡೆ ಸಾಗಿಸಿ’ ಎಂಬ ಮಾತು. ಇದನ್ನು ಬರೆದವರು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯನ್ನು ಓದಿದಂತಿಲ್ಲ. ಆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟುಬರುವುದು ಅಪರಾಧ. ಸಂಘದ ಒತ್ತಡಕ್ಕೆ ಮಣಿದು ಹೊರವಲಯದ ರಸ್ತೆ ಬದಿಯಲ್ಲಿ ನಾಯಿಯನ್ನು ಇಳಿಸಿ ಬಂದವರು ನನಗೆ ಗೊತ್ತು. ಅಲ್ಲಿ ಅಪರಾಧಿಯಾಗುವವರು ಮಾಲೀಕರು, ಸಂಘವಲ್ಲ. ನಾಯಿಯನ್ನು ಹಾಗೆ ತೊರೆಯುವಂತೆ ನಿಮ್ಮ ಮೇಲೆ ಹೇರುವ ನೋಟಿಸ್ ಒಂದು ಅಪರಾಧಕ್ಕೆ ಪ್ರಚೋದನೆ ಕೊಟ್ಟಂತಾಗುತ್ತದೆ ಎಂದು ನಿಮ್ಮ ಉತ್ತರದಲ್ಲಿ ಬರೆಯಬಹುದು. ಬರೆಯಿರಿ ಕೂಡ.

ದಂಡದ ವಿಷಯಕ್ಕೆ ಬಂದರೆ, ದಿನಕ್ಕೆ 500 ರೂಪಾಯಿ ಯಾವ ಬೈಲಾದ ಯಾವ ವಿಧಿಯಡಿ ಎಂದು ಲಿಖಿತವಾಗಿ ಕೇಳಿ. ಸಭೆಯ ನಡಾವಳಿಯ ಪ್ರತಿಯನ್ನೂ ಕೇಳಿ. ಎಷ್ಟೋ ಸಲ ಸಭೆಯಲ್ಲಿ ನಡೆದದ್ದು ಜಗಳ, ನಡಾವಳಿಯಲ್ಲಿ ನಿರ್ಣಯವೇ ಇರುವುದಿಲ್ಲ.

ಸಂಘಕ್ಕೆ ಏನೂ ಅಧಿಕಾರವಿಲ್ಲ ಎಂದು ಮಾತ್ರ ತಿಳಿಯಬೇಡಿ. ಸಾಮಾನ್ಯ ಜಾಗಗಳಲ್ಲಿ ನಾಯಿಗೆ ಬೆಲ್ಟ್ ಹಾಕಿಯೇ ಕರೆದೊಯ್ಯಿರಿ, ಹೇಸಿಗೆ ಮಾಡಿದರೆ ನೀವೇ ಎತ್ತಿ ಶುಚಿ ಮಾಡಿ, ಲಸಿಕೆಯ ದಾಖಲೆ ತೋರಿಸಿ ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಲಿಫ್ಟ್‌ನಲ್ಲಿ ನಾಯಿಗೆ ಹೆದರುವ ಹಿರಿಯರೋ ಮಗುವೋ ಇದ್ದರೆ ಮುಂದಿನ ಸರದಿಗೆ ಕಾಯಿರಿ. ಇದಕ್ಕೆ ಕಾಯ್ದೆ ಬೇಕಿಲ್ಲ, ಆದರೆ ಮೊಕದ್ದಮೆ ತಪ್ಪಿಸುವ ಅತಿ ಅಗ್ಗದ ಉಪಾಯ ಇದೇ.

ನಿಮ್ಮ ಪತ್ರದಲ್ಲಿ ನೀವು ಒಂದೇ ಪದದಲ್ಲಿ ಹೇಳಿ ಮುಂದೆ ಹೋಗಿರುವ ಸಂಗತಿ ಬಾಡಿಗೆ. ನಿಮ್ಮ ನಿಜವಾದ ದುರ್ಬಲ ಜಾಗ ಅದು. ಸಂಘ ನಿಷೇಧಿಸುವಂತಿಲ್ಲ ನಿಜ, ಮನೆಯ ಮಾಲೀಕರು ಕರಾರಿನಲ್ಲಿ ಸಾಕುಪ್ರಾಣಿ ಇರಕೂಡದು ಎಂದು ಬರೆಸಿಕೊಂಡಿದ್ದರೆ, ನೀವು ಸಹಿ ಹಾಕಿದ್ದರೆ, ಆ ಮಾತು ನಿಮಗೂ ಅವರಿಗೂ ನಡುವಿನ ಒಪ್ಪಂದ. ಹನ್ನೊಂದು ತಿಂಗಳ ಕರಾರು ನವೀಕರಿಸದೆ ಬಿಡುವುದಕ್ಕೆ ಅವರಿಗೆ ನಾಯಿಯ ನೆಪವೂ ಬೇಕಿಲ್ಲ. ಹಾಗಾಗಿ ಸಂಘಕ್ಕೆ ಉತ್ತರ ಬರೆಯುವ ಮೊದಲು ಕರಾರು ಪತ್ರವನ್ನು ಹೊರತೆಗೆದು ಓದಿ. ಮಾಲೀಕರ ಆಕ್ಷೇಪಣೆ ಇಲ್ಲ ಎಂಬ ಒಂದು ಸಾಲಿನ ಇಮೇಲ್ ತರಿಸಿಕೊಳ್ಳಿ. ಮಾಲೀಕರಿಗೆ ಅಭ್ಯಂತರವಿಲ್ಲದಿದ್ದರೆ ಬಾಡಿಗೆದಾರರೆಂಬ ಕಾರಣಕ್ಕೆ ಭೇದ ಮಾಡಬಾರದು ಎಂಬುದು ಮಂಡಳಿಯ ಮಾರ್ಗಸೂಚಿಯಲ್ಲೂ ಇರುವ ಮಾತು.

ನೀವು ಮಾಡಬೇಕಾದ ಕೆಲಸಗಳೂ ಇವೆ. ಬೆಂಗಳೂರಿನಲ್ಲಿ ಸಾಕುನಾಯಿಗೆ ಪಾಲಿಕೆಯ ಪರವಾನಗಿ ಬೇಕು, ಅದಕ್ಕೆ ರೇಬೀಸ್ ಲಸಿಕೆಯ ಪ್ರಮಾಣಪತ್ರ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿರುವುದರಿಂದ ನಿಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ನೋಡಿಕೊಂಡು ಅಲ್ಲಿನ ಪಶುಪಾಲನಾ ವಿಭಾಗಕ್ಕೆ ಅರ್ಜಿ ಹಾಕಿ. ಫ್ಲ್ಯಾಟ್‌ಗೆ ಒಂದೇ ನಾಯಿ ಎಂಬ ನಿಯಮ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟ್‌ಗೆ ಒಂದು, ಸ್ವತಂತ್ರ ಮನೆಗೆ ಮೂರು ಎಂದು ಮಿತಿ ಹಾಕಲು ಹೊರಟಿದ್ದು ಹೌದು. ಜೋರು ವಿರೋಧ ಬಂದ ಮೇಲೆ ಅದನ್ನು ತಡೆಹಿಡಿಯಲಾಯಿತು. ಇನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುಪ್ರಾಣಿಯ ಜಂತುನಾಶಕ ಔಷಧಿ, ಲಸಿಕೆ, ಸಂತಾನಹರಣ ಚಿಕಿತ್ಸೆ ಇವು ಮಾಲೀಕರ ಹೊಣೆ.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ಹೊಸ ಕಾನೂನು’ಗಳ ಬಗ್ಗೆಯೂ ಎರಡು ಮಾತು. ನಾಯಿ ಕಚ್ಚಿದರೆ ಮಾಲೀಕರಿಗೆ 10,000 ರೂಪಾಯಿ ದಂಡ ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಅದು ನೊಯ್ಡಾ ಪ್ರಾಧಿಕಾರ 2022ರಲ್ಲಿ ತನ್ನ ವ್ಯಾಪ್ತಿಗೆ ಮಾಡಿಕೊಂಡ ನೀತಿ. ಬೆಂಗಳೂರಿಗೆ ಅದರ ಸಂಬಂಧವಿಲ್ಲ. ಸಾಕುಪ್ರಾಣಿಯ ಕಾನೂನಿನಲ್ಲಿ ಊರಿಂದೂರಿಗೆ ಬದಲಾಗುವುದು ಈ ಭಾಗವೇ: ಪರವಾನಗಿ, ಶುಲ್ಕ, ಸಂಖ್ಯೆ, ದಂಡ. ಮೈಸೂರಿನವರು ಮೈಸೂರು ಪಾಲಿಕೆಯನ್ನು, ಪುರಸಭೆ ವ್ಯಾಪ್ತಿಯವರು ಪುರಸಭೆಯನ್ನು ಕೇಳಬೇಕು. ಇನ್ನೊಂದು ಸಂದೇಶ ತಳಿಗಳ ನಿಷೇಧದ್ದು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಆ ಪಟ್ಟಿಯಲ್ಲಿ ಲ್ಯಾಬ್ರಡಾರ್ ಇರಲೂ ಇಲ್ಲ.

ಹಾಗೆಂದು ಕಚ್ಚಿದರೆ ಏನೂ ಆಗುವುದಿಲ್ಲ ಎಂದಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ದೇಶಕ್ಕೆಲ್ಲ ಅನ್ವಯ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕಚ್ಚಿಸಿಕೊಂಡವರು ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳುವ ದಾರಿ ಬೇರೆ ಇದೆ. ಅತ್ತ ಕಡೆಯವರಿಗೂ ಒಂದು ಸೆಕ್ಷನ್ ನೆನಪಿರಲಿ. ಸಿಟ್ಟಿನಲ್ಲಿ ನಾಯಿಗೆ ವಿಷ ಹಾಕಿದರೆ, ಕಾಲು ಮುರಿದರೆ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಸೆರೆ ಆಗಬಹುದು.

ಮೇಲಿನ ಮನೆಯವರ ದೂರು ಏನೆಂದು ನೀವು ಬರೆದಿಲ್ಲ. ಬೊಗಳುವುದೇ ದೂರಾಗಿದ್ದರೆ ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ನೀವು ಕೆಲಸಕ್ಕೆ ಹೋದ ಮೇಲೆ ನಾಯಿ ಎಲ್ಲಿರುತ್ತದೆ? ಬೆಳಿಗ್ಗೆ ಎಂಟಕ್ಕೆ ಬಾಲ್ಕನಿಯ ಕಂಬಿಗೆ ಸರಪಳಿ ಬಿಗಿದು, ಒಂದು ಬಟ್ಟಲು ನೀರಿಟ್ಟು, ಸಂಜೆ ಏಳಕ್ಕೆ ಬಂದು ಬಿಚ್ಚುವ ಮನೆಗಳು ಬೇಕಾದಷ್ಟಿವೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಸರಿದು ಬಂದಿರುತ್ತದೆ, ಬಟ್ಟಲು ಉರುಳಿರುತ್ತದೆ, ಸರಪಳಿ ಕಂಬಿಗೆ ಸುತ್ತಿಕೊಂಡು ಮೊಳದಷ್ಟೇ ಉಳಿದಿರುತ್ತದೆ. ನಾಯಿ ಬೊಗಳದೆ ಇನ್ನೇನು ಮಾಡೀತು? ಕ್ರೌರ್ಯ ತಡೆ ಕಾಯ್ದೆಯ ಅದೇ 11ನೇ ಸೆಕ್ಷನ್‌ನಲ್ಲಿ ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟಿಹಾಕುವುದೂ, ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದೆ ಇರುವುದೂ, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದೂ ಒಂದೊಂದಾಗಿ ಅಪರಾಧಗಳೇ. ಮೊದಲ ತಪ್ಪಿಗೆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ ಎಂಬುದು ನಗೆಪಾಟಲಿನ ಸಂಗತಿ. ಒಂದು ಕಾಫಿಯ ಬೆಲೆಗೆ ಕ್ರೌರ್ಯ ಇತ್ಯರ್ಥವಾಗುವ ಸ್ಥಿತಿಯನ್ನು ಇಷ್ಟು ವರ್ಷ ಇಟ್ಟುಕೊಂಡಿರುವುದು ಶಾಸನ ಮಾಡುವವರಿಗೆ ಶೋಭೆಯಲ್ಲ. ಆದರೆ ದಂಡ ಸಣ್ಣದೆಂದು ಪ್ರಕರಣ ಸಣ್ಣದಾಗುವುದಿಲ್ಲ. ಸಂಘದೊಂದಿಗೆ ಜಗಳ ನಡೆಯುತ್ತಿರುವಾಗ ಎದುರಿನವರ ಕೈಗೆ ಆ ಫೋಟೊ ಸಿಕ್ಕರೆ ನಿಮ್ಮ ಉಳಿದ ವಾದಗಳ ಬಲವೂ ಇಳಿಯುತ್ತದೆ.

ಈಗ ಗಿಳಿ.

ಊರಿನಿಂದ ತಂದ ಹಸಿರು ಗಿಳಿ ಎಂದಿದ್ದೀರಿ. ಕೆಂಪು ಕೊಕ್ಕು, ಉದ್ದ ಬಾಲ, ಗಂಡಾದರೆ ಕುತ್ತಿಗೆಗೆ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ: ಇಷ್ಟಿದ್ದರೆ ಅದು ನಮ್ಮ ತೋಟಗಳ ಸಾಮಾನ್ಯ ಗಿಳಿ. ಸಾಮಾನ್ಯ ಹಕ್ಕಿ ಎಂಬ ಕಾರಣಕ್ಕೆ ಕಾಡುಪ್ರಾಣಿಯಲ್ಲ ಎಂದು ಬಹಳ ಜನ ತಿಳಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಅದು ಹಿಂದೆಯೂ ಇತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎರಡನೇ ಅನುಸೂಚಿಯಲ್ಲಿದೆ. ಈ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆಗೆ ಕೆಡಹುವುದು, ಮೊಟ್ಟೆ ಗೂಡುಗಳಿಗೆ ಹಾನಿ ಮಾಡುವುದು ಎಲ್ಲವೂ ಬೇಟೆಯೇ. ತೆಂಗಿನ ಮರದ ಪೊಟರೆಯಿಂದ ಇನ್ನೂ ರೆಕ್ಕೆ ಬಲಿಯದ ಮರಿ ತೆಗೆದವನು ಬೇಟೆಗಾರನೇ. ಹೀಗೆ ಹಿಡಿದ ಪ್ರಾಣಿ ಸರ್ಕಾರದ ಸ್ವತ್ತು ಎನ್ನುತ್ತದೆ 39ನೇ ಸೆಕ್ಷನ್. ಅದು ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕೆಂದೂ ಅಲ್ಲೇ ಇದೆ. ಗಾಳಿಮಳೆಗೆ ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ ಬದುಕಿಸಿದ ಪುಣ್ಯಾತ್ಮರೂ ಹೀಗೆ ತಿಳಿಸುವುದು ಕ್ಷೇಮ.

‘ಅತ್ತೆಯವರು ತಂದದ್ದು, ನಾವು ಕೊಂಡದ್ದಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. 57ನೇ ಸೆಕ್ಷನ್ ಪ್ರಕಾರ ವನ್ಯಪ್ರಾಣಿ ಯಾರ ವಶದಲ್ಲಿ ಸಿಕ್ಕಿತೋ ಅವರ ಸ್ವಾಧೀನ ಕಾನೂನುಬಾಹಿರವೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ನಿಮ್ಮದು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ಹಿಂದೆ ಅರಣ್ಯ ಇಲಾಖೆ ಬಿದ್ದಾಗ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿಬಂತು: ತಾತನ ಕಾಲದ್ದು, ಯಾರೋ ಕೊಟ್ಟದ್ದು. ಕಾಯ್ದೆಗೆ ಬೇಕಾದದ್ದು ಕಾಗದ. ನಿಮ್ಮ ಗಿಳಿಗೆ ಅಂಥ ಕಾಗದ ಇರುವ ಸಾಧ್ಯತೆ ಇಲ್ಲ. ಈ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೇ ಮೂರು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ನಾಯಿಯ ವಿಷಯದ 500 ರೂಪಾಯಿಯೊಂದಿಗೆ ಹೋಲಿಸಿ ನೋಡಿ.

ಹಾಗಾದರೆ ಪಂಜರದ ಬಾಗಿಲು ತೆರೆದುಬಿಡೋಣ ಎಂದು ಈಗ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಮರಿಯಿಂದ ಪಂಜರದಲ್ಲಿ ಬೆಳೆದ ಗಿಳಿಗೆ ರೆಕ್ಕೆಯ ಸ್ನಾಯುಗಳು ಬಲಿತಿರುವುದಿಲ್ಲ. ಗಿಡುಗ ಕಂಡರೆ ಅಡಗಬೇಕೆಂದು ತಿಳಿದಿರುವುದಿಲ್ಲ. ಮನುಷ್ಯರನ್ನು ಕಂಡರೆ ಹತ್ತಿರ ಬರುತ್ತದೆ. ರೆಕ್ಕೆ ಕತ್ತರಿಸಿದ್ದರಂತೂ ಎದುರಿನ ಕಟ್ಟಡದ ಗೋಡೆಯವರೆಗೂ ಹಾರಲಾರದು, ಕೆಳಗೆ ಬೆಕ್ಕು ಕಾಯುತ್ತಿರುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅಥವಾ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಹಕ್ಕಿಯನ್ನು ಒಪ್ಪಿಸುವುದಾಗಿ ಬರೆದುಕೊಡಿ. ಅವರು ಪುನರ್ವಸತಿ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆ ಮಾಡುತ್ತಾರೆ. ಒಪ್ಪಿಸಿದ್ದಕ್ಕೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ತಾವಾಗಿ ಒಪ್ಪಿಸಿದವರಿಗೆ ಮಾಫಿ ಎಂದು ಕಾಯ್ದೆಯಲ್ಲಿ ಬರೆದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ತಾವೇ ಬಂದವರನ್ನೂ ದಾಳಿಯಲ್ಲಿ ಸಿಕ್ಕವರನ್ನೂ ಅಧಿಕಾರಿಗಳು ಸಾಮಾನ್ಯವಾಗಿ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅತ್ತೆಯವರಿಗೆ ಇದನ್ನು ಹೇಳುವುದು ಕಷ್ಟದ ಕೆಲಸ. ಆ ಭಾಗಕ್ಕೆ ನನ್ನ ಬಳಿ ಸೆಕ್ಷನ್ ಇಲ್ಲ.

ಹಕ್ಕಿಯೇ ಬೇಕು ಎಂದಾದರೆ ದಾರಿ ಇದೆ. ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಬಜರಿಗರ್, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಇವು ಆಸ್ಟ್ರೇಲಿಯಾ ಮೂಲದವು, ತಲೆಮಾರುಗಳಿಂದ ಪಂಜರದಲ್ಲೇ ಬೆಳೆದು ಬಂದವು. ಇವನ್ನು ಸಾಕಲು ವನ್ಯಜೀವಿ ಕಾಯ್ದೆಯ ಅಡ್ಡಿಯಿಲ್ಲ. ಆಫ್ರಿಕನ್ ಗ್ರೇ, ಮಕಾವ್, ಕಾಕಟೂ ಹಾಗಲ್ಲ. ಅವು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಹಕ್ಕಿಗಳು, ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬರುತ್ತವೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆಗಲೇ ಸಾಕಿದ್ದವರಿಗೆ ಆರು ತಿಂಗಳ ಅವಕಾಶವಿತ್ತು, ಅದು ಮುಗಿದಿದೆ. ಈಗ ಕೊಳ್ಳುವವರಿಗೆ 30 ದಿನ. ಮಾರುವವನ ಬಳಿ ನೋಂದಣಿ ಕಾಗದವಿಲ್ಲದಿದ್ದರೆ ಹಕ್ಕಿ ಎಷ್ಟು ಚೆನ್ನಾಗಿ ಮಾತನಾಡಿದರೂ ಎದ್ದು ಬನ್ನಿ. ಸಾಕುಪ್ರಾಣಿ ಅಂಗಡಿಗಳೇ 2018ರ ನಿಯಮಗಳಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಮಗನ ಆಮೆಯ ಆಸೆಗೆ ಉತ್ತರ ಚಿಕ್ಕದು: ಬೇಡ. ಕದ್ದು ಮಾರುವವರು ತಂದುಕೊಡುವುದು ಹೆಚ್ಚಾಗಿ ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುತ್ತವೆ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕುರುಚಲು ಕಾಡಿನಿಂದ ಹಿಡಿದು ತಂದಿರುತ್ತಾರೆ. ಮನೆಯಲ್ಲಿದ್ದರೆ ದುಡ್ಡು ಬರುತ್ತದೆ ಎಂಬ ನಂಬಿಕೆ ಅದಕ್ಕೆ ಶಾಪವಾಗಿದೆ. ಅದು ಈಗ ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ: ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೆ ಸೆರೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಂಗಡಿಯವರು ಅದರ ಬದಲು ಕಿವಿಯ ಬಳಿ ಕೆಂಪು ಗೆರೆ ಇರುವ ವಿದೇಶಿ ಆಮೆಯ ಮರಿಯನ್ನು ತೋರಿಸುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟಿರುವ ಮರಿ ಊಟದ ತಟ್ಟೆಯಷ್ಟಾಗುತ್ತದೆ, ದಶಕಗಳ ಕಾಲ ಬದುಕುತ್ತದೆ. ಸಾಕಲಾಗದೆ ಕೊನೆಗೆ ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ನಮ್ಮ ಆಮೆಗಳ ಜಾಗ, ಆಹಾರ ಎರಡಕ್ಕೂ ಪೈಪೋಟಿಗೆ ನಿಲ್ಲುತ್ತದೆ. ಮಗನಿಗೆ ಮೀನಿನ ತೊಟ್ಟಿ ಕೊಡಿಸಿ.

ಕೊನೆಯದಾಗಿ ಕೆಲಸದ ಕ್ರಮ. ನೋಟಿಸಿನ ಒಂದು ತಿಂಗಳು ಓಡುತ್ತಿದೆ ಎಂದು ಇಂದೇ ಖಾರವಾದ ಉತ್ತರ ಬರೆಯಲು ಕೂರಬೇಡಿ. ಸಂಘದೊಂದಿಗೆ ಪತ್ರವ್ಯವಹಾರ ಬಿಸಿಯಾದ ದಿನ ಯಾರಾದರೊಬ್ಬರು ಎದುರಿನ ಬಾಲ್ಕನಿಯಿಂದ ನಿಮ್ಮ ಪಂಜರದ ಚಿತ್ರ ತೆಗೆದು ಅರಣ್ಯ ಇಲಾಖೆಗೆ ಕಳುಹಿಸುತ್ತಾರೆ. ಆಮೇಲೆ ನೀವು ಒಪ್ಪಿಸಲು ಹೋದರೂ ಅದು ಸ್ವಇಚ್ಛೆಯಿಂದ ಬಂದದ್ದೆಂದು ಯಾರೂ ನಂಬುವುದಿಲ್ಲ. ಈ ವಾರ ಗಿಳಿಯನ್ನು ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಮುಂದಿನ ವಾರ ಲಸಿಕೆ ಪುಸ್ತಕ ಹುಡುಕಿ, ಪರವಾನಗಿಗೆ ಅರ್ಜಿ ಹಾಕಿ, ಮಾಲೀಕರ ಇಮೇಲ್ ತರಿಸಿಕೊಳ್ಳಿ. ಇಷ್ಟಾದ ಮೇಲೆ ಸಂಘಕ್ಕೆ ಬರೆಯಿರಿ, ದಾಖಲೆಗಳ ಪ್ರತಿಗಳನ್ನು ಲಗತ್ತಿಸಿ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಅಷ್ಟರ ಮೇಲೂ ನೀರು, ವಿದ್ಯುತ್ ಕಡಿತದ ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ದೂರು ಕೊಡಿ, ನಿರ್ಣಯಕ್ಕೆ ತಡೆ ಕೋರಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ. ದಿನಕ್ಕೆ 500 ರೂಪಾಯಿಯ ಬಿಲ್ಲು ಬಂದರೆ ಕಟ್ಟಬೇಡಿ, ಹರಿಯಲೂಬೇಡಿ. ನ್ಯಾಯಾಲಯಕ್ಕೆ ಹೋಗುವಾಗ ಅದೇ ನಿಮ್ಮ ಮೊದಲ ದಾಖಲೆ.